ಯಾರವೂ ಅಲ್ಲದ ಹನ್ನೊಂದು ಕಾರ್ಡು

ಲಂಡನ್ನಿನ ಕೆಂಟನ್ ಬಡಾವಣೆಯ ಕನ್ನಡ ಕೂಟದಲ್ಲಿ ಗುರುದೇವಿಗೆ ಒಂದು ಹುದ್ದೆಯಿತ್ತು. ಚುನಾವಣೆಯಿಲ್ಲದೆ, ಹಾರ ತುರಾಯಿಯಿಲ್ಲದೆ, ವಾರ್ಷಿಕ ವರದಿಯಲ್ಲಿ ಒಂದು ಸಾಲೂ ಇಲ್ಲದೆ ಬಂದ ಹುದ್ದೆ. ಪಾತ್ರೆಗಳನ್ನು ಅವರವರ ಮನೆಗೆ ತಲುಪಿಸುವುದು ಅವಳ ಕೆಲಸ. ಪ್ರತಿ ಭಾನುವಾರ ಚರ್ಚಿನ ಹಿಂದಿನ ಬಾಡಿಗೆ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಪಾಠ, ತಿಂಗಳಿಗೊಮ್ಮೆ ದೊಡ್ಡವರೂ ಸೇರಿ ಊಟ. ಒಂದು ಮನೆಯಿಂದ ಪುಳಿಯೋಗರೆ, ಒಂದು ಮನೆಯಿಂದ ಬದನೆಕಾಯಿ ಎಣ್ಣೆಗಾಯಿ, ಏನೂ ಮಾಡಲಾಗದವರಿಂದ ಮೊಸರು. ಉಂಡೆದ್ದ ಮೇಲೆ ಮೂವತ್ತು ಮನೆಗಳ ಸ್ಟೀಲು ಡಬರಿ, ಮುಚ್ಚಳ, ಸೌಟುಗಳು ಒಂದೇ ಸಿಂಕಿನಲ್ಲಿ ಬಂದು ಬೀಳುತ್ತಿದ್ದವು. ಗುರುದೇವಿ ಒಂದೊಂದನ್ನೂ ತಿರುವಿ, ತಳದಲ್ಲಿ ಊರಿನ ಅಂಗಡಿಯವನು ಕೊರೆದ ಅಕ್ಷರ ನೋಡಿ, ಮನೆವಾರು ಸಾಲಾಗಿ ಇಡುತ್ತಿದ್ದಳು. ಇಲ್ಲೇ ಕೊಂಡ, ಹೆಸರಿಲ್ಲದ ಪಾತ್ರೆಗೆ ಉಗುರುಬಣ್ಣದಲ್ಲಿ ತಾನೇ ಅಕ್ಷರ ಬರೆಯುತ್ತಿದ್ದಳು. ಅವಳು ಬಂದ ಮೂರು ವರ್ಷದಲ್ಲಿ ಒಂದು ಚಮಚ ಕೂಡ ತಪ್ಪಿ ಇನ್ನೊಬ್ಬರ ಮನೆಗೆ ಹೋಗಿರಲಿಲ್ಲ.

ಕೂಟದಲ್ಲಿ ಹೆಚ್ಚಿನವರು ಮೈಸೂರು, ಬೆಂಗಳೂರು ಕಡೆಯ ಡಾಕ್ಟರ ಮನೆಯವರು. ಗುರುದೇವಿಯ ಗಂಡ ಜಗದೇವಪ್ಪನೂ ಆಸ್ಪತ್ರೆಯವನೇ, ಆದರೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್. ವಿಜಾಪುರದಿಂದ ಬಂದು ಮೂರು ವರ್ಷ. ಗುರುದೇವಿ ಕೆಂಟನ್ ರಸ್ತೆಯ ಗುಜರಾತಿ ತಿಂಡಿ ಅಂಗಡಿಯ ಹಿಂದುಗಡೆ ನಿಂತು ದಿನಕ್ಕೆ ಆರು ತಾಸು ಖಾಖರಾ ಎಂಬ ತೆಳು ಗರಿ ರೊಟ್ಟಿ ಲಟ್ಟಿಸುತ್ತಿದ್ದಳು. ಇದನ್ನು ಯಾರೂ ಕೀಳಾಗಿ ಕಂಡರೆಂದಲ್ಲ. ಎಲ್ಲರೂ ಬಹಳ ನಯ. ಆ ನಯವೇ ಗುರುದೇವಿಗೆ ಮುಳ್ಳಾಗಿತ್ತು. ಯಾರಾದರೂ ಒಮ್ಮೆ ಜಗಳವಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳ ಚಿಂತೆ ತನ್ನದಲ್ಲ, ಮಗಳದು. ಪ್ರಿಯಾಂಕಾಗೆ ಹದಿನಾಲ್ಕು. ಬಂದಾಗ ಬಾಯಿ ತುಂಬ ವಿಜಾಪುರದ ಮಾತಾಡುತ್ತಿದ್ದ ಹುಡುಗಿ ಒಂದೇ ವರ್ಷದಲ್ಲಿ ಅದನ್ನು ಗಂಟುಕಟ್ಟಿ ಇಟ್ಟಳು. ಅವ್ವ ಕನ್ನಡದಲ್ಲಿ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ. ಅಷ್ಟು ಮಾಡಿಯೂ ಕೂಟದ ಮಕ್ಕಳ ಗುಂಪಿನಲ್ಲಿ ಅವಳಿಗೆ ಜಾಗ ಸಿಕ್ಕಿರಲಿಲ್ಲ. ಪಾಠ ಮುಗಿದೊಡನೆ ಉಳಿದ ಹುಡುಗರು ಹಾಲಿನ ಮೂಲೆಯಲ್ಲಿ ನೆಲದ ಮೇಲೆ ಕೂತು ಕಾರ್ಡು ಹರಡುತ್ತಿದ್ದರು. ಆ ವರ್ಷ, ಅಂದರೆ ಎರಡು ಸಾವಿರದ ಇಸವಿಯಲ್ಲಿ, ಲಂಡನ್ನಿನ ಎಲ್ಲ ಶಾಲೆಗೂ ಅದೇ ಹುಚ್ಚು. ಕಾರ್ಡಿನ ಮೇಲೆ ದೈತ್ಯರು, ಮಾಂತ್ರಿಕರು, ರೆಕ್ಕೆಯ ಹಾವುಗಳು. ಒಬ್ಬೊಬ್ಬರು ಅರವತ್ತು ಕಾರ್ಡಿನ ಕಟ್ಟು ಕಟ್ಟಿಕೊಂಡು ಎದುರಿಗಿನವರ ಕಟ್ಟಿನ ಜೊತೆ ಕಾದಾಡಬೇಕು. ಪ್ರಿಯಾಂಕಾ ಸಿಂಕಿನ ಪಕ್ಕ ಅವ್ವನ ಜೊತೆ ನಿಂತು, ಅರಿವೆ ಹಿಡಿದು ಪಾತ್ರೆ ಒರೆಸುತ್ತಿದ್ದಳು. ನೀನೂ ಹೋಗಿ ಕೂಡಬಾರದೇ ಎಂದು ಗುರುದೇವಿ ಕೇಳಿದರೆ, ಅದಕ್ಕೆ ಅರವತ್ತು ಕಾರ್ಡು ಬೇಕು, ನನ್ನ ಹತ್ತಿರ ಒಂದೂ ಇಲ್ಲ ಎನ್ನುತ್ತಿದ್ದಳು. ಕೊಡಿಸು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. ಕೇಳದ ಮಕ್ಕಳನ್ನು ಏನು ಮಾಡುವುದು?

ಜನವರಿಯ ಒಂದು ಭಾನುವಾರ ಗುರುದೇವಿ ಕೈ ಒರೆಸಿಕೊಂಡು ನೇರ ಆ ಮೂಲೆಗೇ ಹೋದಳು. ಅಲ್ಲಿ ಮೂವರಿದ್ದರು: ಡಾಕ್ಟರ್ ಶ್ರೀರಂಗ ಮತ್ತು ಡಾಕ್ಟರ್ ಇಂದು ದಂಪತಿಯ ಮಗ ಮಯೂರ್, ವಯಸ್ಸು ಹದಿನೈದು, ಅವನ ಗೆಳೆಯ ಅಚಿಂತ್ಯ, ಇಬ್ಬರಿಗಿಂತ ಒಂದು ವರ್ಷ ಚಿಕ್ಕವಳಾದ ಧೃತಿ. ನಿನ್ನ ಹತ್ತಿರ ಎಷ್ಟು ಕಾರ್ಡಿವೆ ಎಂದು ಮಯೂರನನ್ನು ಕೇಳಿದಳು. ನೂರೈವತ್ತರ ಮೇಲೆ ಇರಬೇಕು ಎಂದ. ಆಡುವುದಕ್ಕೆ ಬೇಕಾದ್ದು ಎಷ್ಟು? ಅರವತ್ತು. ಉಳಿದವು? ಮನೆಯಲ್ಲಿ ಡ್ರಾಯರಿನಲ್ಲಿ ಬಿದ್ದಿವೆ. ಅಚಿಂತ್ಯನ ಮನೆಯಲ್ಲೂ ಧೃತಿಯ ಮನೆಯಲ್ಲೂ ಅದೇ ಕಥೆ.

“ಊಟದಾಗ ಎಲ್ಲಾರ ಮನಿ ಅಡಗಿ ಒಂದ ಸಾಲಿನಾಗ ಇಡತೀವಿಲ್ಲೋ” ಎಂದಳು ಗುರುದೇವಿ. “ಮೊಸರಷ್ಟ ತಂದಾಕಿ ಹೋಳಿಗಿ ಉಂಡ್ರ ಯಾರರೆ ಯಾಕ ಅಂತ ಕೇಳತಾರೇನು? ಹಂಗ ಇವನ್ನೂ ಒಂದ ಡಬ್ಬಿಗೆ ಹಾಕ್ರಿ. ಎಲ್ಲಾರೂ ಅದರಾಗಿಂದ ತಗೊಂಡು ಆಡ್ರಿ, ಆಡಿ ವಾಪಸ್ ಹಾಕ್ರಿ.”

ಮಕ್ಕಳಿಗೆ ಅದು ಹಿಡಿಸಿತು. ಅವಳ ಮೇಲಿನ ಗೌರವಕ್ಕಲ್ಲ. ಮೂವರೇ ಆಡಿ ಆಡಿ ಒಬ್ಬರ ಕಟ್ಟು ಇನ್ನೊಬ್ಬರಿಗೆ ಬಾಯಿಪಾಠವಾಗಿ ಬೇಸರ ಬಂದಿತ್ತು. ಎಲ್ಲರ ಕಾರ್ಡು ಬೆರೆತರೆ ಪ್ರತಿವಾರ ಹೊಸ ಕಟ್ಟು ಕಟ್ಟಬಹುದು. ಮುಂದಿನ ಭಾನುವಾರ ಗುರುದೇವಿ ಕ್ರಿಸ್‌ಮಸ್‌ಗೆ ಲ್ಯಾಬಿನಲ್ಲಿ ಕೊಟ್ಟಿದ್ದ ಚಾಕೊಲೇಟಿನ ದೊಡ್ಡ ತಗಡಿನ ಡಬ್ಬಿ ತೊಳೆದು ತಂದಳು. ಮಕ್ಕಳು ತಮ್ಮ ನಿಯಮಗಳನ್ನು ಇಂಗ್ಲಿಷಿನಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದರು. ಮೊದಲ ನಿಯಮ: ಡಬ್ಬಿಗೆ ಬಿದ್ದ ಕಾರ್ಡು ಡಬ್ಬಿಯದು. ಎರಡನೆಯದು: ಯಾವುದನ್ನು ಯಾರು ಹಾಕಿದರು ಎಂದು ಯಾರೂ ಹೇಳಬಾರದು, ಯಾರೂ ಕೇಳಬಾರದು.

ಕೂಟದ ಅಧ್ಯಕ್ಷ ಸತ್ಯನಾರಾಯಣ ಅವರು ಮಾತ್ರ ಮೂಗು ಮುರಿದರು. ಕನ್ನಡ ಕಲಿಯಲು ಬಂದ ಮಕ್ಕಳ ಕೈಗೆ ಇಸ್ಪೀಟೆಲೆ ಕೊಡುವುದೇ ಎಂದು ಅವರ ಆಕ್ಷೇಪ. ದೀಪಾವಳಿಗೆ ಇದೇ ಹಾಲಿನ ಹಿಂದಿನ ಕೋಣೆಯಲ್ಲಿ ಗಂಡಸರು ಬೆಳತನಕ ರಮ್ಮಿ ಆಡಿದ್ದು ಯಾವ ಭಾಷೆ ಕಲಿಯಲು ಎಂದು ಗುರುದೇವಿ ಮೆಲ್ಲಗೆ ಕೇಳಿದಳು. ಅಧ್ಯಕ್ಷರಿಗೆ ಕೂಡಲೇ ಇನ್ನೇನೋ ಕೆಲಸ ನೆನಪಾಯಿತು.

ಅಲ್ಲಿಂದ ಮೂರು ತಿಂಗಳು ಗುರುದೇವಿ ಲಂಡನ್ನಿನಲ್ಲಿ ಸುಖವಾಗಿದ್ದಳು ಎಂದೇ ಹೇಳಬೇಕು. ಪ್ರಿಯಾಂಕಾ ಅರಿವೆ ಬಿಟ್ಟು ಮೂಲೆಗೆ ಹೋದವಳು ಮೊದಲೆರಡು ವಾರ ಸೋತಳು, ಮೂರನೇ ವಾರದಿಂದ ಗೆಲ್ಲತೊಡಗಿದಳು. ಉಳಿದವರು ದೊಡ್ಡ ದೊಡ್ಡ ದೈತ್ಯರಿಗೆ ಕೈ ಹಾಕಿದರೆ ಇವಳು ಡಬ್ಬಿಯ ತಳದಿಂದ ಯಾರಿಗೂ ಬೇಡವಾದ ಇಲಿ, ಇರುವೆ, ಮಂಡೂಕಗಳನ್ನು ಆರಿಸಿ, ಅವುಗಳ ಪುಟ್ಟ ಪುಟ್ಟ ಶಕ್ತಿಯನ್ನು ಒಂದಕ್ಕೊಂದು ಜೋಡಿಸಿ, ಎದುರಾಳಿಯ ದೈತ್ಯನನ್ನು ಮಲಗಿಸುತ್ತಿದ್ದಳು. ಅವಳು ನಕ್ಕರೆ ಆ ನಗೆ ಸಿಂಕಿನವರೆಗೆ ಕೇಳುತ್ತಿತ್ತು. ಆಮೇಲೆ ಒಂದು ಸಂಜೆ ಮನೆಯ ಫೋನು ಅವಳಿಗಾಗಿ ಬಂತು. ಮೂರು ವರ್ಷದಲ್ಲಿ ಮೊದಲ ಸಲ. ಧೃತಿ ಕರೆದಿದ್ದಳು. ಗುರುದೇವಿ ರಿಸೀವರ್ ಮಗಳ ಕೈಗೆ ಕೊಟ್ಟು, ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಅರ್ಥವಾಗದಷ್ಟು ವೇಗದ ಆ ಇಂಗ್ಲಿಷನ್ನು ಇಪ್ಪತ್ತು ನಿಮಿಷ ಕೇಳಿಸಿಕೊಂಡಳು. ಕಣ್ಣು ತುಂಬಿದ್ದು ಈರುಳ್ಳಿಗೆ ಎಂದು ಗಂಡನಿಗೆ ಹೇಳಿದಳು.

ಹುಡುಗಿಯ ಮೈಯೂ ಆಗಲೇ ತುಂಬಿಕೊಳ್ಳತೊಡಗಿದೆ ಎಂದು ಅವಳಿಗೆ ಅನಿಸಿತ್ತು. ಫೆಬ್ರವರಿಯ ಒಂದು ವಾರವಂತೂ ಪ್ರಿಯಾಂಕಾ ಶಾಲೆಯಿಂದ ಬಂದವಳೇ ಚೀಲ ಇಳಿಸುವ ಮೊದಲು ರೊಟ್ಟಿ ಕೇಳಿದಳು. ದಿನಕ್ಕೆ ಮೂರು, ನಾಲ್ಕು. ಮಗಳಿಗೆ ಕಡೆಗೂ ಹಸಿವೆ ಹುಟ್ಟಿತು ಎಂದು ಗುರುದೇವಿ ಹಿಗ್ಗಿ, ಮೇಲೆ ಬೆಣ್ಣೆ ಹಾಕಿ ಬಡಿಸಿದಳು.

ಯುಗಾದಿಯ ಊಟದ ದಿನ ಆ ಸುಖಕ್ಕೆ ಹುಳಿ ಬಿತ್ತು. ಬಿದ್ದದ್ದು ಒಂದು ತಮಾಷೆಯಿಂದ. ಹೆಂಗಸರೆಲ್ಲ ಬಡಿಸುವ ಮೇಜಿನ ಹಿಂದೆ ಸಾಲಾಗಿ ನಿಂತಿದ್ದರು. ಅತ್ತ ಮೂಲೆಯಲ್ಲಿ ಪ್ರಿಯಾಂಕಾ ಸತತ ನಾಲ್ಕನೇ ಭಾನುವಾರ ಮಯೂರನನ್ನು ಸೋಲಿಸಿ, ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅದನ್ನು ನೋಡಿ ಅವನ ತಾಯಿ ಡಾಕ್ಟರ್ ಇಂದು, ಒಬ್ಬಟ್ಟಿಗೆ ತುಪ್ಪ ಹಾಕುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದಳು.

“ನೋಡಿ ಗುರುದೇವಿ, ನಮ್ಮ ಕಾರ್ಡ್ ಇಟ್ಕೊಂಡೇ ನಮ್ಮ ಮಗನ್ನ ಸೋಲಿಸ್ತಾಳೆ ನಿಮ್ಮ ಹುಡುಗಿ. ಭಾರಿ ಚೂಟಿ.”

ಎಲ್ಲರೂ ನಕ್ಕರು. ಗುರುದೇವಿಯೂ ನಕ್ಕಳು. ಇಂದು ಕೆಟ್ಟವಳಲ್ಲ, ಜ್ವರ ಬಂದರೆ ಭಾನುವಾರವೂ ಫೋನಿನಲ್ಲೇ ಔಷಧ ಹೇಳುವ ಹೆಣ್ಣುಮಗಳು. ಮಾತು ಆಡಿದ ಕ್ಷಣವೇ ಅವಳು ಮರೆತಿರಬೇಕು. ಆದರೆ ಗುರುದೇವಿ ಅದನ್ನು ಮನೆಗೆ ಒಯ್ದಳು. ಖಾಖರಾ ಲಟ್ಟಿಸುವಾಗ, ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ ಅದೇ ಮಾತು. ನಮ್ಮ ಕಾರ್ಡು. ಅಂದರೆ ತನ್ನ ಮಗಳು ಬರಿಗೈಯಲ್ಲಿ ಹೋಗಿ ಮಂದಿಯ ತಾಟಿನಲ್ಲಿ ಉಣ್ಣುತ್ತಿದ್ದಾಳೆ, ಅದೂ ಎಲ್ಲರಿಗೂ ಗೊತ್ತಿದೆ. ಡಬ್ಬಿಯ ಉಪಾಯ ಮಾಡಿದವಳೇ ತಾನು, ಮಗಳಿಗಾಗಿಯೇ ಮಾಡಿದ್ದು, ಅದೂ ಅವರಿಗೆ ಗೊತ್ತಿದ್ದೀತು. ಒಂದು ನಗೆಮಾತನ್ನು ಹೀಗೆ ಅರೆದು ಅರೆದು ವಿಷ ಮಾಡಿಕೊಳ್ಳುವುದರಲ್ಲಿ ಗುರುದೇವಿಗೆ ಯಾರೂ ಸಾಟಿಯಿರಲಿಲ್ಲ.

ಮೇ ತಿಂಗಳಲ್ಲಿ ಸ್ಟ್ರಾಟ್‌ಫರ್ಡಿನ ಒಂದು ಆಟದ ಅಂಗಡಿಯ ಮಹಡಿಯಲ್ಲಿ ಕಾರ್ಡಾಟದ ಪಂದ್ಯವಿತ್ತು. ನಾಲ್ವರ ತಂಡ ಬೇಕು. ಕೂಟದ ಮಕ್ಕಳು ಡಬ್ಬಿಯ ಹೆಸರಿನಲ್ಲೇ ತಂಡ ಬರೆಸಿದರು, ಮೊದಲ ಮೇಜಿಗೆ ಪ್ರಿಯಾಂಕಾಳನ್ನು ಕೂರಿಸುವುದೆಂದು ಮೂವರೂ ಸೇರಿ ತೀರ್ಮಾನಿಸಿದರು. ಆ ಸುದ್ದಿಯನ್ನು ಮಗಳು ಮನೆಗೆ ಬಂದು ಹೇಳಿದ್ದು ಇಂಗ್ಲಿಷಿನಲ್ಲೇ ಆದರೂ, ಹೇಳುವಾಗ ಅವಳು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿದಳು. ಡಾಕ್ಟರುಗಳಿಗೆ ಭಾನುವಾರ ಪುರಸೊತ್ತಿಲ್ಲವಾಗಿ ಜೊತೆಗೆ ಹೋಗುವ ಹೊಣೆ ಗುರುದೇವಿಗೆ ಬಂತು.

ಡಬ್ಬಿ ಹೊರಗೆ ಹೋಗುತ್ತದೆ ಎಂದದ್ದೇ ಅವಳ ತಲೆಯಲ್ಲಿ ಪಾತ್ರೆಗಳ ಲೆಕ್ಕ ಓಡಿತು. ಊರಿನಲ್ಲಿ ಮದುವೆಮನೆಗೆ ಪಾತ್ರೆ ಕೊಡುವ ಮೊದಲು ಅವಳ ಅತ್ತೆ ಒಂದೊಂದನ್ನೂ ತಿರುವಿ ಹೆಸರು ನೋಡುತ್ತಿದ್ದಳು. ಹೆಸರಿಲ್ಲದ ಪಾತ್ರೆ ಹೊಸ್ತಿಲು ದಾಟುತ್ತಿರಲಿಲ್ಲ. ಸ್ಟ್ರಾಟ್‌ಫರ್ಡಿನಲ್ಲಿ ನೂರಾರು ಹುಡುಗರು, ಎಲ್ಲರ ಕಾರ್ಡಿನ ಬೆನ್ನೂ ಒಂದೇ ನೀಲಿ. ಅದಲು ಬದಲಾದರೆ? ಮಯೂರನ ಒಂದು ಕಾರ್ಡು ಕಳೆದರೆ ಯಾರ ಮೇಲೆ ಕಣ್ಣು ಬೀಳುತ್ತದೆ? ಹೆಸರು ಬರೆದುಬಿಟ್ಟರೆ ನಿಮ್ಮದು ನಿಮಗೆ, ಲೆಕ್ಕ ಚುಕ್ತಾ. ಇನ್ನು ಮುಂದೆ ಯಾರೂ ತುಪ್ಪ ಹಾಕುತ್ತ ಆ ಮಾತು ಆಡುವ ಹಾಗಿಲ್ಲ.

ಡಬ್ಬಿ ಅವಳ ಮನೆಯಲ್ಲೇ ಇರುತ್ತಿತ್ತು. ಪಂದ್ಯದ ಹಿಂದಿನ ಬುಧವಾರ, ಇದರಲ್ಲಿ ಯಾವುದು ಯಾರದು ಎಂದು ಮಗಳನ್ನು ಕೇಳಿದಳು. ಯಾರದೂ ಅಲ್ಲ, ಡಬ್ಬಿಯದು ಎಂದು ಪ್ರಿಯಾಂಕಾ ಇಂಗ್ಲಿಷಿನಲ್ಲಿ ಹೇಳಿ ತನ್ನ ಕೋಣೆಗೆ ಹೋದಳು. ಗುರುದೇವಿಗೆ ಅದು ಉದ್ಧಟತನವೆನಿಸಿತು. ಮರುದಿನ ರಜೆ ಹಾಕಿ, ಮಕ್ಕಳು ಶಾಲೆಯಲ್ಲಿದ್ದ ಹೊತ್ತು ನೋಡಿ ಮೂವರ ಮನೆಗೂ ಫೋನು ಮಾಡಿದಳು. ಡಬ್ಬಿಗೆ ಹಾಕುವ ಮೊದಲು ಮಕ್ಕಳು ತಂತಮ್ಮ ಕಾರ್ಡುಗಳ ಪಟ್ಟಿ ಬರೆದಿಟ್ಟುಕೊಂಡಿದ್ದ ನೋಟುಬುಕ್ಕುಗಳಿದ್ದವು. ತಾಯಂದಿರು ಅದನ್ನು ಹುಡುಕಿ ತಂದು ಓದಿದರು. ಡಾಕ್ಟರ್ ಇಂದು ಕ್ಲಿನಿಕ್ಕಿನಿಂದ ಊಟಕ್ಕೆ ಬಂದವಳು ಅರ್ಧ ತಾಸು ಓದಿದಳು. ನಾಲಗೆ ಹೊರಳದ ಆ ಹೆಸರುಗಳನ್ನು ಕೇಳಿ ಕೇಳಿ, ಅಕ್ಷರ ಅಕ್ಷರ ಹೊಂದಿಸಿ, ಗುರುದೇವಿ ಕಾರ್ಪೆಟ್ಟಿನ ಮೇಲೆ ಮೂರು ಗುಡ್ಡೆ ಮಾಡಿದಳು. ಯಾವ ಪಟ್ಟಿಯಲ್ಲೂ ಇಲ್ಲದ ಹನ್ನೊಂದು ಕಾರ್ಡು ಉಳಿದವು. ಅವುಗಳಲ್ಲಿ ಒಂದು ಬೆಳ್ಳಿಯ ಮಿನುಗಿನ ಹಕ್ಕಿ, ಇಡೀ ಡಬ್ಬಿಯಲ್ಲೇ ಅಂಥದ್ದು ಇನ್ನೊಂದಿರಲಿಲ್ಲ. ಬೆಳಕಿಗೆ ಹಿಡಿದರೆ ರೆಕ್ಕೆ ಅಲ್ಲಾಡಿದ ಹಾಗೆ ಕಾಣುತ್ತಿತ್ತು. ಇಷ್ಟು ಚೆಂದದ್ದು ಯಾರ ಮನೆಯಿಂದ ಬಂದಿದ್ದೀತು ಎಂದು ಅವಳು ಬಹಳ ಹೊತ್ತು ಯೋಚಿಸಲಿಲ್ಲ. ಹನ್ನೊಂದನ್ನೂ ಮಯೂರನ ಗುಡ್ಡೆಗೆ ಸೇರಿಸಿದಳು.

ಬರೆದದ್ದು ಜಗದೇವಪ್ಪನ ಲ್ಯಾಬಿನ ಪೆನ್ನಿನಿಂದ. ರಕ್ತದ ನಳಿಕೆಗಳ ಮೇಲೆ ಬರೆಯುವಂಥದು, ನೀರಿಗೂ ಹೋಗುವುದಿಲ್ಲ, ಸ್ಪಿರಿಟ್ಟಿಗೂ ಹೋಗುವುದಿಲ್ಲ. ಪ್ರತಿ ಕಾರ್ಡಿನ ಬೆನ್ನಿನ ಮೇಲೆ, ಬಲಮೂಲೆಯಲ್ಲಿ, ಕೊರೆದಷ್ಟು ಸಣ್ಣಗೆ, ಮ, ಅ, ಧೃ. ಸುಮಾರು ಮುನ್ನೂರು ಕಾರ್ಡು. ಕೊನೆಯಲ್ಲಿ ಬೆರಳು ಸೆಟೆದುಕೊಂಡಿದ್ದವು. ಆ ಮುನ್ನೂರರಲ್ಲಿ ಎಲ್ಲೂ ‘ಪ್ರಿ’ ಇಲ್ಲವೆಂಬುದು ಅವಳಿಗೆ ಚುಚ್ಚಿತು. ಇಲ್ಲದ್ದು ಇಲ್ಲ, ಅದರಲ್ಲಿ ಮುಚ್ಚುಮರೆ ಏನು ಎಂದುಕೊಂಡು ಡಬ್ಬಿ ಮುಚ್ಚಿ, ಅಲ್ಲಾಡದಂತೆ ಟೇಪು ಸುತ್ತಿ ಅಟ್ಟಕ್ಕಿಟ್ಟಳು.

ಭಾನುವಾರ ಕೆಂಟನ್ನಿನಲ್ಲಿ ಟ್ಯೂಬು ಹತ್ತಿ, ಬೇಕರ್ ಸ್ಟ್ರೀಟಿನಲ್ಲಿ ಇಳಿದು ಜುಬಿಲಿ ಲೈನು ಹಿಡಿದರು. ಮಕ್ಕಳು ನಾಲ್ವರೂ ಒಂದೇ ಸಾಲಿನಲ್ಲಿ ಕೂತು, ಯಾರು ಯಾವ ಕಟ್ಟು ಕಟ್ಟುವುದೆಂದು ಕಾಗದದಲ್ಲಿ ಬರೆದುಕೊಳ್ಳುತ್ತಿದ್ದರು. ಕ್ಯಾನರಿ ವಾರ್ಫ್ ದಾಟಿದ ಮೇಲೆ ಮಯೂರ್ ಡಬ್ಬಿಯ ಟೇಪು ಬಿಚ್ಚಿದ. ಮೇಲಿನ ಕಾರ್ಡು ತೆಗೆದ, ತಿರುಗಿಸಿದ, ಇನ್ನೊಂದು ತೆಗೆದ. ಆಮೇಲೆ ಡಬ್ಬಿಯನ್ನು ಮೆಲ್ಲಗೆ ಧೃತಿಯ ಕಡೆಗೆ ಸರಿಸಿದ. ಯಾರೂ ಕೂಗಾಡಲಿಲ್ಲ. ಗುರುದೇವಿಗೆ ಹೆಮ್ಮೆ ತಡೆಯದೆ, ಇಡೀ ದಿನ ಕೂತು ಬರೆದೆ, ಇನ್ನು ಒಂದೂ ಕಳೆಯುವುದಿಲ್ಲ ಎಂದಳು. ಪ್ರಿಯಾಂಕಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಸುರಂಗದ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಅಂಗಡಿಯ ಮಹಡಿಯಲ್ಲಿ ತೀರ್ಪುಗಾರ, ಉದ್ದ ಜುಟ್ಟಿನ ಸೌಮ್ಯ ಮನುಷ್ಯ, ವಿಷಯವನ್ನು ಗುರುದೇವಿಗೆ ಎರಡು ಸಲ ಬಿಡಿಸಿ ಹೇಳಿದ. ಆಡುವಾಗ ಎದುರಿಗೆ ಕೂತವನಿಗೆ ಕಾಣುವುದು ಕಾರ್ಡಿನ ಬೆನ್ನು ಮಾತ್ರ. ಬೆನ್ನೆಲ್ಲ ಒಂದೇ ತರ ಇದ್ದರೆ ಮಾತ್ರ ಕೈಯಲ್ಲಿರುವುದು ಗುಟ್ಟಾಗಿ ಉಳಿಯುತ್ತದೆ. ಗುರುತು ಬಿದ್ದ ಕಾರ್ಡು ಆಟಕ್ಕೆ ಬರುವುದಿಲ್ಲ. ಬೆನ್ನು ಕಾಣದ ಬಣ್ಣದ ಪ್ಲಾಸ್ಟಿಕ್ ಕವರು ಹಾಕಿದರೆ ಆದೀತು, ಆದರೆ ಅಂಗಡಿಯಲ್ಲಿ ಉಳಿದಿರುವುದು ಒಂದೇ ಪೊಟ್ಟಣ, ಅರವತ್ತು ಕವರು. ತಂಡ ಆಡುವಂತಿಲ್ಲ, ಒಬ್ಬರು ಬೇಕಾದರೆ ಬಿಡಿ ಪಂದ್ಯಕ್ಕೆ ಸೇರಬಹುದು. ಪಾತ್ರೆಗೆ ಹೆಸರು ಹಾಕಿದರೆ ಪಾತ್ರೆ ಕೆಡುವುದಿಲ್ಲವಲ್ಲ ಎಂಬುದೊಂದೇ ಗುರುದೇವಿಯ ತಲೆಯಲ್ಲಿ ತಿರುಗುತ್ತಿತ್ತು.

ಮಯೂರ್ ತನ್ನ ಜೇಬಿನ ದುಡ್ಡಿನಲ್ಲಿ ಆ ಪೊಟ್ಟಣ ಕೊಂಡು ತಂದ. ತಂದವನು ಅದನ್ನು ಪ್ರಿಯಾಂಕಾಳ ಮುಂದೆ ಇಟ್ಟು, ನೀನೇ ಆಡು ಎಂದ. ಅಚಿಂತ್ಯ, ಧೃತಿ ತಲೆಯಾಡಿಸಿದರು. ಪ್ರಿಯಾಂಕಾ ಮೇಜಿಗೆ ಕೂತು ಡಬ್ಬಿಯಿಂದ ಕಾರ್ಡು ಆರಿಸತೊಡಗಿದಳು. ಅವಳ ಕೈ ಓಡುತ್ತಿತ್ತು. ಬೇಕಾದದ್ದು ಯಾವುದೆಂದು ತಿಂಗಳಿಂದ ಗೊತ್ತಿದ್ದ ಕೈ. ಹಿಂದೆ ನಿಂತ ಗುರುದೇವಿಗೆ ಕಂಡದ್ದು ಕಾರ್ಡುಗಳ ಬೆನ್ನು. ಮ, ಮ, ಧೃ, ಮ, ಅ, ಮ. ತಾನೇ ಬರೆದ ಅಕ್ಷರಗಳು. ಅದರ ಮೇಲೆ ಮಯೂರನ ದುಡ್ಡಿನ ಕವರು. ಸುತ್ತ ನಿಂತ ಅಪರಿಚಿತ ಹುಡುಗರಲ್ಲಿ ಯಾರಿಗೂ ಕನ್ನಡ ಬಾರದು, ಆದರೂ ಅವಳಿಗೆ ಇಡೀ ಮಹಡಿಯೇ ಅದನ್ನು ಓದುತ್ತಿದೆ ಎನಿಸಿತು. ಆ ತುಪ್ಪದ ಮಾತು ಮತ್ತೆ ಕಿವಿಗೆ ಬಿತ್ತು. ಅವಳು ಮುಂದೆ ಬಾಗಿ ಮಗಳ ಕೈ ಹಿಡಿದಳು.

“ಅವನ ಕಾರ್ಡು, ಅವನ ಕವರು. ಅವನೇ ಆಡಲಿ, ಏಳು.”

ಪ್ರಿಯಾಂಕಾ ಅವ್ವನ ಮುಖ ನೋಡಿದಳು. ಮಯೂರ್ ಏನೋ ಹೇಳಲು ಬಾಯಿ ತೆರೆದ, ಗುರುದೇವಿ ಅವನಿಗೂ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಹುಡುಗಿ ಎದ್ದಳು. ಹೆಸರು ಬರೆಸಲು ಐದೇ ನಿಮಿಷ ಉಳಿದಿತ್ತು. ಮಯೂರ್ ಕೂತು, ತನ್ನ ಅಕ್ಷರದ ಕಾರ್ಡುಗಳನ್ನು ಬೇರೆ ಮಾಡಿದ. ಭಾನುವಾರದ ಪಾಠದಲ್ಲಿ ಅವನು ಕಲಿತ ಕನ್ನಡಕ್ಕೆ ಅಷ್ಟರ ಮಟ್ಟಿಗೆ ಸಾರ್ಥಕವಾಯಿತು. ಆರಿಸುತ್ತಿದ್ದವನು ನಡುವೆ ನಿಲ್ಲಿಸಿ ಕೆಲವನ್ನು ಪಕ್ಕಕ್ಕಿಟ್ಟ. ಬೆಳ್ಳಿಯ ಹಕ್ಕಿ ಎಲ್ಲಕ್ಕಿಂತ ಮೇಲಿತ್ತು.

“ಆಂಟಿ, ಇವು ನನ್ನವಲ್ಲ” ಎಂದ. ಇಂಗ್ಲಿಷಿನಲ್ಲೇ ಎಂದ, ಆದರೆ ಗುರುದೇವಿಗೆ ಚೆನ್ನಾಗಿ ಅರ್ಥವಾಯಿತು. ಅವನ ಕಣ್ಣು ಪ್ರಿಯಾಂಕಾಳ ಕಡೆ ಹೋದದ್ದನ್ನೂ ಅವಳು ಕಂಡಳು. ಕಂಡೂ, ಅದನ್ನು ಕರುಣೆ ಎಂದು ತಿಳಿದಳು. ಡಾಕ್ಟರ ಮಗ ತನ್ನ ಮಗಳಿಗೆ ದಾನ ಮಾಡಲು ನೋಡುತ್ತಿದ್ದಾನೆ.

“ನಮ್ಮವು ಅದರಾಗ ಒಂದೂ ಇಲ್ಲಪಾ” ಎಂದಳು. “ನಾವೇನೂ ತಂದಿಲ್ಲ, ನಮಗೇನೂ ಬ್ಯಾಡ. ಎಲ್ಲಾ ನಿನ್ನವ ಅದಾವು, ಇಟ್ಕೊ.”

ಮಯೂರ್ ಪ್ರಿಯಾಂಕಾಳನ್ನು ಕೇಳಿದ. ಅವಳು ಹೌದು, ನಿನ್ನವೇ ಎಂದಳು.

ಅವನು ಆಡಿದ, ಮೂರನೆಯವನಾಗಿ ಬಂದ. ಉಳಿದವರು ಮೂರು ತಾಸು ಗೋಡೆಗೊರಗಿ ಕೂತು ಕ್ರಿಸ್ಪ್ಸ್ ತಿಂದರು. ವಾಪಸು ಬರುವಾಗ ಟ್ಯೂಬಿನಲ್ಲಿ, ಅಮ್ಮ ಹೇಗೂ ಕೇಳುತ್ತಾಳೆ ಎಂದು ಧೃತಿ ತನ್ನ ಅಕ್ಷರದವನ್ನು ಆರಿಸಿಕೊಂಡಳು. ಅದು ಕಂಡು ಅಚಿಂತ್ಯನೂ. ಊಟ ಮುಗಿದ ಮೇಲೆ ಹೆಂಗಸರು ತಂತಮ್ಮ ಡಬರಿ ಎತ್ತಿಕೊಳ್ಳುವಂತೆ, ಜಗಳವಿಲ್ಲ, ತಪ್ಪಿಲ್ಲ, ಒಂದು ಕಾರ್ಡೂ ಅದಲು ಬದಲಾಗಲಿಲ್ಲ. ಕೆಂಟನ್ ಬರುವ ಹೊತ್ತಿಗೆ ಡಬ್ಬಿಯಲ್ಲಿ ಮುಚ್ಚಳಕ್ಕೆ ಅಂಟಿಸಿದ ಕಾಗದವಷ್ಟೇ ಇತ್ತು.

ಮನೆಗೆ ಬಂದ ಮೇಲೂ ಮಗಳ ಬಿಗಿದ ಮುಖ ಸಡಿಲವಾಗದ್ದು ನೋಡಿ ಗುರುದೇವಿಗೆ ರೇಗಿತು. ಹೆಸರು ಬರೆದದ್ದು ತನ್ನ ತಪ್ಪು, ಗೊತ್ತಾಗಲಿಲ್ಲ, ಒಪ್ಪಿದೆ. ಆದರೆ ಅವನು ಅವನ ಕಾರ್ಡಿನಲ್ಲಿ ಆಡಿದ್ದಕ್ಕೆ ನಿನ್ನದೇನು ಹೋಯಿತು ಎಂದು ಕೇಳಿದಳು. ಪ್ರಿಯಾಂಕಾ ಬೂಟು ಬಿಚ್ಚುತ್ತ, ದನಿ ಏರಿಸದೆ, ಇಂಗ್ಲಿಷಿನಲ್ಲೇ ಎಲ್ಲವನ್ನೂ ಹೇಳಿದಳು. ಅಂಗಡಿಯಲ್ಲಿ ಸಿಗುವ ಒಂದು ಪೊಟ್ಟಣದಲ್ಲಿ ಹನ್ನೊಂದು ಕಾರ್ಡು ಇರುತ್ತವೆ. ಫೆಬ್ರವರಿಯಲ್ಲಿ ಒಂದು ವಾರ ಅವಳು ಶಾಲೆಯಲ್ಲಿ ಮಧ್ಯಾಹ್ನ ಉಣ್ಣದೆ, ಆ ದುಡ್ಡಿನಲ್ಲಿ ಒಂದು ಪೊಟ್ಟಣ ಕೊಂಡಿದ್ದಳು. ಬೆಳ್ಳಿಯ ಹಕ್ಕಿ ಅದರಲ್ಲಿ ಬಂದಿತ್ತು. ಯಾರಿಗೂ ತೋರಿಸದೆ ಡಬ್ಬಿಗೆ ಹಾಕಿದ್ದಳು, ಏಕೆಂದರೆ ನಿಯಮ ಅದು. ತಾನೂ ಹಾಕಿದ್ದೇನೆ ಎಂದು ತನಗೆ ಗೊತ್ತಿದ್ದರೆ ಸಾಕಿತ್ತು.

ಗುರುದೇವಿಗೆ ಆ ವಾರದ ರೊಟ್ಟಿಗಳು ನೆನಪಾದವು. ಮೇಲೆ ಹಾಕಿದ ಬೆಣ್ಣೆ ನೆನಪಾಯಿತು. ತನ್ನ ಹಿಗ್ಗೂ ನೆನಪಾಯಿತು. ಹಾಗಾದರೆ ಅವನು ಕೇಳಿದಾಗ ಯಾಕೆ ಹೇಳಲಿಲ್ಲ ಎಂದಳು.

ನೀನು ಆಗಲೇ ಎಲ್ಲರ ಮುಂದೆ ಹೇಳಿಬಿಟ್ಟಿದ್ದೆಯಲ್ಲ, ನಮ್ಮದು ಒಂದೂ ಇಲ್ಲ ಅಂತ, ಎಂದಳು ಪ್ರಿಯಾಂಕಾ. ಆಮೇಲೆ ನಾನು ನನ್ನವು ಅಂದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ಸುಳ್ಳುಗಾರರಾಗಬೇಕಾಗುತ್ತಿತ್ತು. ಅದು ನೀನಾಗುವುದು ಬೇಡವಾಗಿತ್ತು.

ಅಷ್ಟು ಹೇಳಿ ಬೂಟುಗಳನ್ನು ಜೋಡಿಸಿಟ್ಟು ಕೋಣೆಗೆ ಹೋದಳು.

ಮರುದಿನ ಸಂಜೆ ಗುರುದೇವಿ ಧೈರ್ಯ ಮಾಡಿ ಇಂದುವಿಗೆ ಫೋನು ಮಾಡಿದಳು. ಹನ್ನೊಂದು ಕಾರ್ಡು ತಪ್ಪಿ ನಿಮ್ಮ ಕಡೆ ಬಂದಿವೆ, ಅಷ್ಟೇ ಹೇಳಬೇಕಿತ್ತು. ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕು ಸಲ ಆಡಿ ನೋಡಿದ್ದಳು. ಇಂದು ಅವಳಿಗೆ ಬಾಯಿ ತೆಗೆಯಲು ಬಿಡಲಿಲ್ಲ. ಮಯೂರನಿಗೆ ಮೂರನೇ ಸ್ಥಾನ ಬಂದದ್ದಕ್ಕೆ ಅವಳಿಗೆ ನಿಜವಾಗಿ ಖುಷಿಯಾಗಿತ್ತು, ಮಕ್ಕಳನ್ನು ಅಷ್ಟು ದೂರ ಕರೆದೊಯ್ದದ್ದಕ್ಕೆ ಹತ್ತು ಸಲ ಥ್ಯಾಂಕ್ಸ್ ಹೇಳಿದಳು.

“ನೀವು ಹೆಸರು ಬರೆದಿದ್ದು ಒಳ್ಳೇದೇ ಆಯ್ತು ಗುರುದೇವಿ. ಇನ್ಮೇಲೆ ಅವರವರದು ಅವರವರ ಹತ್ರ ಇದ್ರೆ ನಮಗೂ ನಿಶ್ಚಿಂತೆ. ಒಂದೂ ತಪ್ಪಿಲ್ಲ ನೋಡಿ, ಎಷ್ಟು ಚೆನ್ನಾಗಿ ಬರ್ದಿದ್ದೀರಿ.”

ತನ್ನ ಕೈಬರಹ. ಅಳಿಸದ ಮಸಿ. ಮೂರು ವರ್ಷದಲ್ಲಿ ಒಂದು ಚಮಚವನ್ನೂ ತಪ್ಪಿಸದವಳು ಬರೆದ ಹೆಸರು. ಅದು ಸುಳ್ಳು ಎಂದು ಈಗ ಹೇಳಿದರೆ ನಂಬುವವರು ಯಾರು? ನಂಬಿದರೂ, ಮಗನಿಂದ ಕಿತ್ತು ಕಳಿಸಿಕೊಟ್ಟರೂ, ಅದು ಕೊಟ್ಟದ್ದಾಗುತ್ತದೆಯೇ ಹೊರತು ತನ್ನದಾಗಿ ಬರುವುದಿಲ್ಲ. ಹೌದ್ರಿ ಎಂದು ಗುರುದೇವಿ ಫೋನು ಇಟ್ಟಳು. ಮಯೂರನನ್ನು ದೂರುವಂತಿರಲಿಲ್ಲ, ಅವನು ಕೇಳಿದ್ದ. ಇಂದುವನ್ನೂ ದೂರುವಂತಿರಲಿಲ್ಲ. ದೂರಲು ಯಾರೂ ಸಿಗದ ಸಿಟ್ಟು ಎಲ್ಲಿಗೆ ಹೋಗಬೇಕು? ಆ ರಾತ್ರಿ ಅವಳು ಸುಮ್ಮಸುಮ್ಮನೆ ಜಗದೇವಪ್ಪನನ್ನು, ಅವನ ಲ್ಯಾಬನ್ನು, ಅದರ ಪೆನ್ನನ್ನು ಬೈದಳು. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ.

ಫೋನು ಆಮೇಲೆ ಪ್ರಿಯಾಂಕಾಗಾಗಿ ಬರಲಿಲ್ಲ. ಕೋಪದಿಂದಲ್ಲ, ಮಾತಾಡಲು ಡಬ್ಬಿಯಿರಲಿಲ್ಲ, ಅಷ್ಟೆ.

ಜೂನಿನ ಊಟದ ದಿನ ಹಾಲಿನ ಮೂಲೆಯಲ್ಲಿ ಮೂವರು ಕೂತಿದ್ದರು, ಒಬ್ಬೊಬ್ಬರ ಮುಂದೆ ಅವರವರದೇ ಕಟ್ಟು, ಹೊಸ ಬಣ್ಣದ ಕವರಿನಲ್ಲಿ. ಮಯೂರ್ ಒಮ್ಮೆ ಕೈ ಎತ್ತಿ ಕರೆದ. ಪ್ರಿಯಾಂಕಾ ನಕ್ಕು, ಬೇಡವೆಂದು ತಲೆಯಾಡಿಸಿ, ಯಾರೂ ಹೇಳದೆಯೇ ಸಿಂಕಿನ ಪಕ್ಕ ಬಂದು ಅರಿವೆ ಕೈಗೆ ತೆಗೆದುಕೊಂಡಳು. ಗುರುದೇವಿ ತೊಳೆದು ಕೊಟ್ಟ ಪಾತ್ರೆಗಳನ್ನು ಒರೆಸಿ, ತಿರುವಿ, ತಳದ ಅಕ್ಷರ ಓದಿ, ಮನೆವಾರು ಸಾಲಿನಲ್ಲಿ ಇಡುತ್ತ ಹೋದಳು. ಕೂಟದ ಮಕ್ಕಳಲ್ಲಿ ಅಷ್ಟು ಸಲೀಸಾಗಿ ಕನ್ನಡ ಓದಬಲ್ಲವಳು ಅವಳೊಬ್ಬಳೇ. ಇಂದುವಿನ ಒಬ್ಬಟ್ಟಿನ ತಟ್ಟೆ, ಸತ್ಯನಾರಾಯಣರ ಮನೆಯ ಸೌಟು, ಧೃತಿಯ ತಾಯಿಯ ಕುಕ್ಕರಿನ ಮುಚ್ಚಳ.

ಕೊನೆಗೆ ಉಳಿದದ್ದು ಅವರದೇ ಡಬರಿ, ವಿಜಾಪುರದ ಅಂಗಡಿಯಲ್ಲಿ ಜ.ಗು. ಎಂದು ಕೊರೆಸಿದ್ದು. ಪ್ರಿಯಾಂಕಾ ಅದನ್ನು ಒರೆಸಿದಳು, ತಿರುವಿದಳು, ಅಕ್ಷರದ ಮೇಲೆ ಬೆರಳಾಡಿಸಿದಳು. ಆಮೇಲೆ ಅದನ್ನು ಸಾಲಿಗೆ ಇಡದೆ ಅವ್ವನ ಕಡೆ ಹಿಡಿದು, ಎರಡು ವರ್ಷದಿಂದ ಅವಳ ಬಾಯಿಂದ ಗುರುದೇವಿ ಕೇಳದಿದ್ದ ಊರಿನ ಮಾತಿನಲ್ಲಿ, ಮೆಲ್ಲಗೆ ಕೇಳಿದಳು.

“ಇದಾದ್ರೂ ನಮ್ಮದು ಹೌದೇನವ್ವಾ?”